ನಾನು ಮಾಡಿದ ಚಿಕ್ಕವ್ವನ ದನಿ

ಮಾದೇಶ, ನಿನ್ನವ್ವನದು ಎಂದು ನೀನು ಇಷ್ಟು ವರ್ಷ ನೆನಪಿಟ್ಟುಕೊಂಡಿರುವ ದನಿ ನಿನ್ನವ್ವನದಲ್ಲ. ಅದು ನಾನು ಮಾಡಿದ್ದು. ಒಂಬತ್ತು ವರ್ಷದವನಿದ್ದಾಗ, ಪೂರಿಗಾಲಿಯ ನಮ್ಮ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಎರಡೇ ನಿಮಿಷದಲ್ಲಿ ಮಾಡಿದ್ದು. ಅದರಲ್ಲಿ ನಿನ್ನವ್ವನ ಒಂದು ಉಸಿರೂ ಇಲ್ಲ.

ಇದನ್ನು ಎದುರಿಗೆ ಕೂತು ಹೇಳಬಹುದಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ — ಏನು ಹೇಳಲು ಹೊರಟರೂ ನಡುವೆ ಯಾರದೋ ದನಿ ಬಂದು ಕೂತುಬಿಡುತ್ತದೆ. ಹಲಗೂರು ಬಸ್ಸಿನ ಕಂಡಕ್ಟರು, ಡೈರಿಯಲ್ಲಿ ಹಾಲು ಅಳೆಯುವ ಮಾವ, ನಮ್ಮಪ್ಪ. ನನ್ನನ್ನೂ ನಾನು ಬಿಟ್ಟವನಲ್ಲ. ಹುಡುಗಿಯರ ಮುಂದೆ ನಾನು ಇಂಗ್ಲಿಷ್ ಮಾತಾಡುವುದನ್ನು ನನ್ನಷ್ಟು ಚೆನ್ನಾಗಿ ಅಣಕಿಸುವವರು ಇನ್ನೂ ಹುಟ್ಟಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಕಾಗದದ ಮೇಲೆ ಮಿಮಿಕ್ರಿ ನಡೆಯುವುದಿಲ್ಲ ಎಂದು ನಂಬಿಕೊಂಡು.

ನಿನ್ನವ್ವ, ನನ್ನ ಚಿಕ್ಕವ್ವ, ಜ್ವರದಲ್ಲಿ ಹೋದಾಗ ನಿನಗೆ ನಾಲ್ಕು ತುಂಬಿರಲಿಲ್ಲ, ನನಗೆ ಏಳು. ನಿಮ್ಮಪ್ಪ, ನಮ್ಮಪ್ಪ, ಅಜ್ಜಿ, ಎಲ್ಲರೂ ಒಂದೇ ಮನೆ. ಹಾಗಾಗಿ ನಿನಗೆ ಊಟ ಸ್ನಾನಕ್ಕೆ ಕೊರತೆಯಾಗಲಿಲ್ಲ. ಗೋಡೆಯ ಮೇಲೆ ಅವಳದೊಂದು ಫೋಟೊ ಇತ್ತು. ಫೋಟೊ ಮಾತಾಡುವುದಿಲ್ಲವಲ್ಲ — ಆ ತೊಂದರೆ ಇದ್ದದ್ದು ನಿನಗೊಬ್ಬನಿಗೇ.

ಅವಳು ಹೋಗಿ ಎರಡು ವರ್ಷವಾಗಿತ್ತು. ಅದು ಮಾರ್ಲಾಮಿಯ ದಿನ. ತೀರಿಕೊಂಡವರಿಗೆ ಎಡೆ ಇಡುವ ಹಬ್ಬ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲೆಳೆದುಕೊಂಡು, ಅವರು ಬಂದು ಉಣ್ಣುವಷ್ಟು ಹೊತ್ತು ಮನೆಮಂದಿಯೆಲ್ಲ ಹೊರಗೆ ಕಾಯುತ್ತೇವೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಆ ಎಲೆಯದನ್ನು ನಾವು ತಿನ್ನುತ್ತೇವೆ. ಆ ವರ್ಷ ಬಾಗಿಲು ಮುಚ್ಚಿದ್ದಾಗ ನೀನು ಹಿತ್ತಿಲಿಗೆ ಬಂದು ನನ್ನ ಅಂಗಿ ಜಗ್ಗಿದೆ.

“ಚಂದಣ್ಣ, ಅವ್ವ ಒಳೀಕ್ ಬಂದವಳಂತೆ. ಕೂಗುದ್ರೆ ನಂಗೆ ಗೊತ್ತಾಗಕಿಲ್ಲ. ಅವಳು ಎಂಗ್ ಕೂಗ್ತಿದ್ಲು?”

ನನಗೂ ನೆನಪಿರಲಿಲ್ಲ. ಅಥವಾ ಇತ್ತೋ — ಒಂದು ನಿಮಿಷ ಸುಮ್ಮನೆ ಕೂತಿದ್ದರೆ ಬರುತ್ತಿತ್ತೋ ಏನೋ. ಆದರೆ ಊರಿನ ಎಲ್ಲರ ದನಿಯೂ ಬರುತ್ತದೆ ಎಂದು ಮೆರೆಯುತ್ತಿದ್ದವನು ನಾನು, ಗೊತ್ತಿಲ್ಲ ಎನ್ನುವುದು ಹೇಗೆ? ನಮ್ಮ ಅಂಗನವಾಡಿ ಟೀಚರ ದನಿಯನ್ನು ತೆಗೆದುಕೊಂಡೆ. ಬೆಣ್ಣೆಯಂಥ ದನಿ ಅವರದು. ಅದಕ್ಕೆ ನಮ್ಮ ಮನೆಯ ಮಾತು ಹಾಕಿ ಕೂಗಿದೆ: “ಬಾ ನನ್ನಪ್ಪ, ಮಾದೇಸ, ಒಂದ್ ತುತ್ತು ಉಣ್ಣು ಬಾ.”

ನೀನು ನಗಲಿಲ್ಲ. ಅಳಲೂ ಇಲ್ಲ. ಬಾಯಿ ತೆರೆದುಕೊಂಡು ನಿಂತೆ. ನನ್ನ ಮಿಮಿಕ್ರಿಗೆ ಯಾರೂ ನಗದೆ ಇದ್ದದ್ದು ಅದೇ ಮೊದಲು. ಅದರ ಅಮಲು ನನಗೆ ಏರಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ, ಅದೇ ದನಿಯಲ್ಲಿ ಇನ್ನೂ ಒಂದು ಸೇರಿಸಿದೆ — “ನಂಗೆ ಮದ್ದೂರ್ ವಡೆ ಅಂದ್ರೆ ಆಸೆ ಕಣ್ ಮಗ, ವರ್ಸವರ್ಸ ಮಡುಗು.”

ಆಸೆ ನನ್ನದು. ಎಲೆಯ ಮೇಲಿಟ್ಟದ್ದನ್ನು ಆಮೇಲೆ ತಿನ್ನುವವರು ಯಾರು ಎಂಬುದು ಆ ವಯಸ್ಸಿಗೇ ನನಗೆ ಚೆನ್ನಾಗಿ ಗೊತ್ತಿತ್ತು.

ಆಮೇಲಿನದು ನಿನಗೆ ಗೊತ್ತು. ಪ್ರತಿ ವರ್ಷ ಚಿಕ್ಕವ್ವನ ಎಲೆಗೆ ಮದ್ದೂರು ವಡೆ. ಮೊದಮೊದಲು ನಿಮ್ಮಪ್ಪ ತರುತ್ತಿದ್ದ. ಮೀಸೆ ಬಂದ ಮೇಲೆ ನೀನೇ ಮಳವಳ್ಳಿಗೆ ಹೋಗಿ, ಬಸ್ಸು ಬದಲಿಸಿ, ಮದ್ದೂರಿನಿಂದ ಬಿಸಿಯಾರದ ಹಾಗೆ ಪೇಪರಿನಲ್ಲಿ ಸುತ್ತಿಸಿಕೊಂಡು ತರುತ್ತಿದ್ದೆ. ನಾನು ಎರಡು ತಿನ್ನುತ್ತಿದ್ದೆ. ನಾಚಿಕೆಯಾಗುತ್ತದೆ ಮಾದೇಶ — ಚೆನ್ನಾಗಿರುತ್ತಿದ್ದವು.

ಮೊದಲ ವರ್ಷ ಅಜ್ಜಿ, ಅವಳು ಎಣ್ಣೆಯಲ್ಲಿ ಕರಿದದ್ದು ಮುಟ್ಟುತ್ತಿರಲಿಲ್ಲವಲ್ಲ ಎಂದು ಗೊಣಗಿದ್ದಳು. ನಾಲ್ಕೈದು ವರ್ಷ ಕಳೆಯಿತು. ಒಂದು ದಿನ ಅದೇ ಅಜ್ಜಿ ಬಂದ ನೆಂಟರ ಮುಂದೆ, ಚಿಕ್ಕ ಸೊಸೆ ಬಸುರಿಯಾಗಿದ್ದಾಗ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೇ ನಾಲ್ಕು ವಡೆ ತಿಂದಳು ಎಂದು ಹೇಳುತ್ತಿದ್ದಳು. ಯಾವ ಬಣ್ಣದ ಸೀರೆ ಉಟ್ಟಿದ್ದಳು ಎಂಬುದೂ ಇತ್ತು ಅದರಲ್ಲಿ. ನನಗೆ ದಿಗಿಲಾಯಿತು. ನನ್ನ ಸುಳ್ಳು ಅಜ್ಜಿಯ ತಲೆಯೊಳಗೆ ಹೋಗಿ ಸೀರೆ ಉಟ್ಟುಕೊಂಡು ಹೊರಗೆ ಬಂತೇ? ಇಲ್ಲ, ನಿಜಕ್ಕೂ ತಿಂದಿದ್ದಳೇ, ನಾನು ಸುಳ್ಳು ಹೇಳಲು ಹೋಗಿ ನಿಜ ಹೇಳಿಬಿಟ್ಟಿದ್ದೆನೇ? ಈಗಲೂ ತಿಳಿಯದು.

ಮಂಡ್ಯದಲ್ಲಿ ನರ್ಸಿಂಗ್ ಓದಲು ಸೇರಿದ ಮೇಲೆ ಈ ಗೊಂದಲಕ್ಕೆ ಉತ್ತರ ಸಿಗುತ್ತದೆ ಎಂದುಕೊಂಡಿದ್ದೆ. ನಮ್ಮ ಮೇಡಂ ಒಂದು ಪ್ಲಾಸ್ಟಿಕ್ ಮೆದುಳನ್ನು ಮೇಜಿನ ಮೇಲಿಟ್ಟು, ಹಲಸಿನ ತೊಳೆ ಬಿಡಿಸಿದ ಹಾಗೆ ಬಿಡಿಸಿ ತೋರಿಸಿದರು. ನೆನಪು ಎಲ್ಲಿದೆ ತೋರಿಸಿ ಮೇಡಂ ಎಂದು ನಾನು ಕೇಳಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಕೇಳಿದ್ದೆಲ್ಲ ತಮಾಷೆ ಎಂದೇ ಅವರ ಲೆಕ್ಕ. ಮೇಡಂ ನಗಲಿಲ್ಲ. ನೆನಪು ಒಂದೇ ಪೆಟ್ಟಿಗೆಯಲ್ಲಿ ಇರುವುದಿಲ್ಲ ಎಂದರು. ಮುಖ ಒಂದು ಕಡೆ, ದನಿ ಕಿವಿಯ ಹತ್ತಿರದ ಇನ್ನೊಂದು ಕಡೆ, ವಾಸನೆ ಮತ್ತೊಂದು ಕಡೆ. ಒಳಗೆ ಕಡಲಕುದುರೆಯ ಹಾಗೆ ಬಾಗಿದ ಸಣ್ಣದೊಂದು ಭಾಗ, ಹಿಪೊಕ್ಯಾಂಪಸ್ ಅಂತ, ಅದು ಇವನ್ನೆಲ್ಲ ಸೇರಿಸಿ ಕಟ್ಟುತ್ತದಂತೆ. ನೆನಪು ಮಾಡಿಕೊಳ್ಳುವುದೆಂದರೆ ಆ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟುವುದು. ಮತ್ತೆ ಕಟ್ಟುವಾಗ ಬೇರೆಯದೇನಾದರೂ ಒಳಗೆ ಸೇರಿಬಿಡಬಹುದು, ಸೇರಿದ್ದು ಕಟ್ಟಿದವನಿಗೇ ಗೊತ್ತಾಗದೆ ಇರಬಹುದು.

ಹಾಗಾದರೆ ನೀನು ಪ್ರತಿ ಮಾರ್ಲಾಮಿಗೆ, “ಒಂದ್ಸಲ ಅವ್ವನಂಗೆ ಕೂಗು ಚಂದಣ್ಣ” ಎಂದಾಗಲೆಲ್ಲ, ಚಿಕ್ಕವ್ವನ ಮುಖಕ್ಕೆ ನಾನು ಟೀಚರ ದನಿ ಕಟ್ಟುತ್ತಾ ಬಂದೆನೇ? ನಿನ್ನ ತಲೆಯ ಮೂಲೆಯಲ್ಲಿ ಅವಳದೇ ಚೂರು ದನಿ ಉಳಿದಿದ್ದರೆ, ಅದರ ಮೇಲೆ ಕೂತವನು ನಾನೇ? ಕ್ಲಾಸು ಮುಗಿದ ಮೇಲೆ ಗೆಳೆಯರಿಗೆ ಮೇಡಂನ ಮಿಮಿಕ್ರಿ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು.

ಇಷ್ಟೇ ಆಗಿದ್ದರೆ ಚಿಕ್ಕವನಿದ್ದಾಗಿನ ತಪ್ಪು ಎಂದು ನೀನು ಬಿಡಬಹುದಿತ್ತು. ಇನ್ನೊಂದಿದೆ. ಅದನ್ನು ಮಾಡಿದಾಗ ನಾನು ಚಿಕ್ಕವನಲ್ಲ.

ಈ ಬೇಸಿಗೆಯಲ್ಲಿ ನಮ್ಮವ್ವ ಅತ್ತೆಯ ಮದುವೆಯ ಹಳೆಯ ಸಿಡಿ ಕೊಟ್ಟು, ಫೋನಿಗೆ ಹಾಕಿಸಿಕೊಂಡು ಬಾ ಎಂದಳು. ಮಳವಳ್ಳಿಯ ಸ್ಟುಡಿಯೊದಲ್ಲಿ ಪೆನ್ ಡ್ರೈವಿಗೆ ಹಾಕಿಸಿ, ಅಲ್ಲೇ ಕೂತು ನೋಡಿದೆ. ನಲವತ್ತೊಂದನೇ ನಿಮಿಷದಲ್ಲಿ ಛತ್ರದ ಊಟದ ಸಾಲು. ಚಿಕ್ಕವ್ವ ಕಂಕುಳಲ್ಲಿ ನಿನ್ನನ್ನು ಎತ್ತಿಕೊಂಡು ನಿಂತಿದ್ದಾಳೆ. ನಿನಗೆ ಒಂದು ವರ್ಷವಿರಬಹುದು. ಕ್ಯಾಮೆರಾದ ಲೈಟು ನಿಮ್ಮ ಮೇಲೆ ಬಿದ್ದ ಕೂಡಲೇ ಅವಳು ಅಂಗೈಯನ್ನು ನಿನ್ನ ಕಣ್ಣಿಗೆ ಅಡ್ಡ ಹಿಡಿದು —

“ಏಯ್, ಲೈಟ ಅತ್ತಾಗ್ ತಿರುಗ್ಸ್ಲಾ. ಮಗೀಗೆ ಕಣ್ ಕುಕ್ತದೆ.”

ಗಡಸು ದನಿ. ಒಡಕು. ಗದ್ದೆಯಾಚೆ ದನ ಅಟ್ಟುವಂಥದ್ದು. ಬೆಣ್ಣೆ ಎಲ್ಲೂ ಇರಲಿಲ್ಲ. ನನಗೆ ಮೊದಲು ಅನ್ನಿಸಿದ್ದೇನು ಗೊತ್ತೇ? ಇದು ಚಿಕ್ಕವ್ವನ ದನಿಯಲ್ಲ, ಯಾರೋ ಬೇರೆಯವರದು ಸೇರಿಕೊಂಡಿದೆ ಎಂದು. ಸುಳ್ಳು ಕಟ್ಟಿದವನು ನಾನೇ. ನನ್ನ ತಲೆಯೇ ನಿಜವನ್ನು ಒಳಗೆ ಬಿಡಲಿಲ್ಲ. ಹಿಂದೆ ತಿರುಗಿಸಿ ತಿರುಗಿಸಿ ಕೇಳಿದೆ. ಆ ದನಿಯನ್ನು ಮಾಡಲು ನೋಡಿದೆ. ಬರಲಿಲ್ಲ. ಯಾರದ್ದು ಬೇಕಾದರೂ ಬರುತ್ತದೆ ನನಗೆ, ಅವಳದೊಂದು ಬರುವುದಿಲ್ಲ.

ಮನೆಗೆ ಬಂದು, ಸಿಡಿ ಗೀರು ಬಿದ್ದಿದೆ, ಓಡುವುದಿಲ್ಲ ಎಂದೆ. ಪೆನ್ ಡ್ರೈವನ್ನು ನನ್ನ ಹಾಸ್ಟೆಲಿನ ಟ್ರಂಕಿನಲ್ಲಿಟ್ಟೆ. ಯಾಕೆ? ನಿನಗೆ ನೋವಾಗುತ್ತದೆ ಎಂದೇ? ಹಾಗೆ ಬರೆಯಲು ಕೈ ಹೋಗುತ್ತಿದೆ, ಬರೆಯುವುದಿಲ್ಲ. ಯಾರೂ ನಗದೆ ಕೇಳುತ್ತಿದ್ದ ನನ್ನ ಒಂದೇ ದನಿ ಅದು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಅಜ್ಜಿಯ ಹತ್ತಿರ ಮೆಲ್ಲಗೆ ಕೇಳಿ ನೋಡಿದೆ — ಚಿಕ್ಕವ್ವನ ದನಿ ಹೇಗಿತ್ತು, ನಿನಗೆ ನೆನಪಿದೆಯೇ ಎಂದು. ಅವಳು ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ನೀನ್ ಮಾಡ್ತೀಯಲ್ಲ, ಅದೇ ಕೇಳ್ತದೆ ಕಣ್ಲಾ ಈಗ. ಅವಳ್ದು ಎಲ್ಲೋ ಓಯ್ತು.”

ಅವಳಿಗೆ ಗೊತ್ತಿತ್ತು ಮಾದೇಶ. ಬೇರೆ ಒಂದು ದನಿ ಇತ್ತು ಎಂಬಷ್ಟು ಗೊತ್ತಿತ್ತು. ಮತ್ತೆ ಕಾಯಿ ಸುಲಿಯತೊಡಗಿದಳು, ನನ್ನನ್ನು ಬೈಯಲಿಲ್ಲ.

ಹೋದ ಭಾನುವಾರ ನೀನು ಫೋನ್ ಮಾಡಿ, ಅವ್ವನ ದನಿ ಈಚೆಗೆ ಮಸುಕಾಗುತ್ತಿದೆ, ಈ ಮಾರ್ಲಾಮಿಗೆ ಬಂದಾಗ ಕೂಗು, ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತೇನೆ, ಆಮೇಲೆ ಮರೆಯುವ ಭಯವಿಲ್ಲ ಎಂದೆ. ನಾನು ಗಂಟಲು ಕೆಟ್ಟಿದೆ ಎಂದು ಫೋನಿಟ್ಟೆ. ಗಂಟಲು ಚೆನ್ನಾಗಿಯೇ ಇತ್ತು.

ಪೆನ್ ಡ್ರೈವ್ ಈ ಕಾಗದದ ಜೊತೆ ಇದೆ. ಕೇಳಿದ ಮೇಲೆ ನಿನಗೆ ಅವ್ವ ಸಿಗುತ್ತಾಳೋ, ಇದ್ದ ಅವ್ವನೂ ಹೋಗುತ್ತಾಳೋ, ನಿಜವಾಗಿಯೂ ನನಗೆ ಗೊತ್ತಿಲ್ಲ. ಆ ದನಿ ನಿನಗೂ ಪರಕೀಯವೆನ್ನಿಸಿದರೆ ಆ ತಪ್ಪೂ ನನ್ನದೇ. ವಡೆ ತರುವುದೋ ಬೇಡವೋ ನೀನೇ ನೋಡು. ತಂದರೂ ನಾನು ಮುಟ್ಟುವುದಿಲ್ಲ. ಮಾರ್ಲಾಮಿಯ ದಿನ ಎಡೆ ಇಡುವ ಮೊದಲು ಒಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳು. ನಲವತ್ತೊಂದನೇ ನಿಮಿಷ.

ನಾನು ಹೊರಗೆ ನಿಂತಿರುತ್ತೇನೆ. ಬಾಗಿಲು ತಟ್ಟುವುದಿಲ್ಲ. ನೀನಾಗಿ ತೆರೆಯುವವರೆಗೆ ಯಾರ ದನಿಯಲ್ಲೂ ಮಾತಾಡುವುದಿಲ್ಲ.