ಅರ್ಕಾದಿಯ ಬಚ್ಚಲಮನೆ

ಅರ್ಕಾದಿ ರಷ್ಯಾದವನು. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ನನ್ನ ಪಕ್ಕದ ಮೇಜಿನವನು. ಅವನು ಪೆರ್ಮ್ ಎಂಬ ಊರಿನಿಂದ ತೊಂಬತ್ತೊಂಬತ್ತರಲ್ಲಿ ಬಂದ, ನಾನು ಗದಗಿನಿಂದ ಅದರ ಮರುವರ್ಷ. ಇಬ್ಬರದೂ ಪಠ್ಯಪುಸ್ತಕದ ಇಂಗ್ಲಿಷ್. ಇಲ್ಲಿನ ಯಾರ್ಕ್‌ಶೈರಿನವರು ಮಾತಾಡುವಾಗ ಇಬ್ಬರೂ ಒಟ್ಟಿಗೆ ತಲೆಯಾಡಿಸುತ್ತಿದ್ದೆವು, ಅವರು ಆಚೆ ಹೋದ ಮೇಲೆ ‘ಏನಂದ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಸ್ನೇಹ ಬೆಳೆಯಲು ಅಷ್ಟು ಸಾಕಾಯಿತು.

ಅವನ ಮಾತನ್ನು ಇಲ್ಲಿ ನಮ್ಮ ಗದಗಿನ ಕಡೆಯ ಮಾತಿನಲ್ಲೇ ಬರೆಯುತ್ತೇನೆ, ಅವನಿಗೆ ಅದೇ ಒಪ್ಪುತ್ತದೆ. ಇಂಗ್ಲಿಷರ ಮಾತಿಗೆ ಮಾತ್ರ ಮೈಸೂರು ಕಡೆಯ ನಯವೇ ಬೇಕು. ಕುತ್ತಿಗೆ ಕುಯ್ಯುವಾಗಲೂ ‘ಸಾರಿ, ದಯವಿಟ್ಟು’ ಅನ್ನುವ ಜನ.

ಅರ್ಕಾದಿಗೆ ಈ ದೇಶದ ಮೇಲೆ ದೂರುಗಳಿಗೆ ಬರವಿರಲಿಲ್ಲ. ಮೊದಲನೆಯದು ಇಲ್ಲಿನ ಬಚ್ಚಲು. “ಒಂದ ನಳದಾಗ ಕೈ ಸುಡತದ, ಇನ್ನೊಂದರಾಗ ಮರಗಟ್ಟತದ. ಎರಡೂ ಕೂಡಿಸಿದ್ರ ಬೆಚ್ಚಗಾಗತದ ಅಂತ ಇವರಿಗೆ ಯಾರೂ ಹೇಳಿಲ್ಲ. ಇಂಥಾವರು ಅರ್ಧಾ ಜಗತ್ತು ಆಳಿದ್ರಂತ.”

“ನಮ್ಮನ್ನೂ ಆಳಿದ್ರಪಾ” ಅಂದೆ.

“ಅವಾಗ ನಿಮ್ಮ ಬುದ್ಧಿ ಎಲ್ಲಿಗೆ ಹೋಗಿತ್ತು?” ಅಂದ. ಚಹಾಕ್ಕೆ ಹಾಲು ಹಾಕುವುದು ಅವನ ಪ್ರಕಾರ ರೋಗಿಗಳ ಪಥ್ಯ. ಆ ವಿಷಯದಲ್ಲಿ ನನ್ನನ್ನೂ ಇಂಗ್ಲಿಷರನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದ.

ಆದರೂ ಅವನು ಬಂದದ್ದು ಹೊಟ್ಟೆಪಾಡಿಗಷ್ಟೇ ಅಲ್ಲ. ಅವನು ಹುಟ್ಟಿ ಬೆಳೆದ ಮನೆಯಲ್ಲಿ ಏಳು ಸಂಸಾರಕ್ಕೆ ಒಂದೇ ಅಡುಗೆಮನೆ, ಒಂದೇ ಪಾಯಖಾನೆ. ಅವನಮ್ಮ ಕುದಿಸಿದ ಸಾರಿಗೆ ಪಕ್ಕದ ಸಂಸಾರದವಳು ಉಪ್ಪು ಹಾಕಿ ಹೋಗುತ್ತಿದ್ದಳಂತೆ, ದ್ವೇಷಕ್ಕೋ ಪ್ರೀತಿಗೋ ಕೊನೆಗೂ ಗೊತ್ತಾಗಲಿಲ್ಲ. “ಸಾಯೂದರೊಳಗ ನಂದು ಅಂತ ಒಂದು ಇರಬೇಕು, ಅಡಿವೆಪ್ಪ. ಇನ್ನೊಬ್ಬರದು ಅದರಾಗ ಕೂದಲೆಳೆಯಷ್ಟೂ ಇರಬಾರದು” ಎನ್ನುತ್ತಿದ್ದ. ಇಲ್ಲಿ ಅವನು ಕೊಂಡ ಮನೆ ಇನ್ನೂ ಇಪ್ಪತ್ತೆರಡು ವರ್ಷ ಬ್ಯಾಂಕಿನದೇ. ಕಾರು ಕಾರ್ಖಾನೆಯದು. ಹೆಂಡತಿ ಲಾರಿಸಾ ತನಗೆ ತಾನೇ ಸ್ವಂತ, ಅವಳ ವಿಷಯದಲ್ಲಿ ಅವನಿಗೆ ಭ್ರಮೆ ಇರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಅವನಿಗೆ ಅಲಾಟ್‌ಮೆಂಟ್ ಸಿಕ್ಕಿತು. ಅಲಾಟ್‌ಮೆಂಟ್ ಎಂದರೆ ಊರಿನ ಅಂಚಿನಲ್ಲಿ ತರಕಾರಿ ಬೆಳೆಯಲು ಕೌನ್ಸಿಲ್ ಎಂಬ ಇಲ್ಲಿನ ಪುರಸಭೆಯವರು ಬಾಡಿಗೆಗೆ ಕೊಡುವ ತುಂಡು ಭೂಮಿ. ಅಂಥವು ಒಂದು ಐವತ್ತು ಸೇರಿದರೆ ಅದಕ್ಕೊಂದು ಸಂಘ, ಸಂಘಕ್ಕೊಬ್ಬ ಅಧ್ಯಕ್ಷ. ನನ್ನ ತುಂಡು ಅವನದರ ಪಕ್ಕದಲ್ಲೇ ಇತ್ತು. ನನ್ನ ಹೀರೇಬಳ್ಳಿ ಪ್ರತಿ ವರ್ಷ ಎರಡೆಲೆ ಬಿಟ್ಟು, ಸುತ್ತ ಒಮ್ಮೆ ನೋಡಿ ಸಾಯುತ್ತಿತ್ತು. ಅರ್ಕಾದಿ ತರಕಾರಿಯ ಗೋಜಿಗೇ ಹೋಗಲಿಲ್ಲ. ಒಂದೆರಡು ಸಾಲು ಆಲೂಗಡ್ಡೆ ಹಾಕಿ, ಹಿಂದಿನ ಮೂಲೆಯಲ್ಲಿ ಗುಡಿಸಲು ಕಟ್ಟಲು ಶುರುಮಾಡಿದ. ಕಾರ್ಖಾನೆಯವರು ಬಿಸಾಡಿದ ಹಲಗೆ, ಒಡೆದ ಪಂಪಿನ ಕಬ್ಬಿಣದ ಹೊಟ್ಟೆಯೇ ಒಲೆ, ಒಲೆಯ ಮೇಲೆ ಕಲ್ಲು. ಬೇಸಿಗೆ ಮುಗಿಯುವುದರೊಳಗೆ ಅವರ ದೇಶದ ಉಗಿಸ್ನಾನದ ಬಚ್ಚಲಮನೆ ಎದ್ದು ನಿಂತಿತು. “ನೆಲ ಕೌನ್ಸಿಲಿಂದು. ಅದರ ಮ್ಯಾಲಿಂದು ನಂದು” ಎಂದು ಒಂದೊಂದೇ ಹಲಗೆ ತಟ್ಟಿ ತೋರಿಸಿದ. ಅಷ್ಟು ಸಂತೋಷವಾಗಿ ನಾನು ಅವನನ್ನು ಎಂದೂ ನೋಡಿರಲಿಲ್ಲ.

ಮೊದಲ ಬಲಿ ನಾನೇ. ಕಾದ ಕಲ್ಲಿಗೆ ನೀರೆರಚಿದ, ಉಗಿ ಎದ್ದಿತು, ಉಸಿರು ನಿಂತಿತು. ತಲೆಗೊಂದು ಉಣ್ಣೆಯ ಟೊಪ್ಪಿಗೆ ಬಿಟ್ಟರೆ ಅವನ ಮೈಮೇಲೆ ದೇವರು ಕೊಟ್ಟದ್ದಷ್ಟೇ ಇತ್ತು. ನಾನು ಲಂಗೋಟಿಯ ಮರ್ಯಾದೆ ಉಳಿಸಿಕೊಂಡಿದ್ದೆ. ಆಮೇಲೆ ಎಲೆ ಸಮೇತ ಕಟ್ಟಿದ ಬರ್ಚ್ ಮರದ ಟೊಂಗೆಗಳ ಬರಲು ತೆಗೆದುಕೊಂಡು ಬೆನ್ನ ಮೇಲೆ ಬಾರಿಸತೊಡಗಿದ. ಅದೇ ಚಿಕಿತ್ಸೆಯಂತೆ. ಮನೆಗೆ ಹೋದಾಗ ನನ್ನ ಹೆಂಡತಿ ಗೌರಿ ಬೆನ್ನು ನೋಡಿ, “ಅಲ್ರೀ, ಯಾರ ಕೈಯಾಗ ಹೊಡಸ್ಕೊಂಡ ಬಂದ್ರಿ?” ಅಂದಳು.

“ಗೆಳ್ಯಾನ ಕೈಯಾಗ.”

“ಮತ್ಯಾಕ ನಗಾಕತ್ತೀರಿ?”

ಯಾಕೆಂದರೆ ಮೈ ಹಗುರವಾಗಿತ್ತು. ದೀಪಾವಳಿಯ ಎಣ್ಣೆನೀರು ಬಿಟ್ಟರೆ ಅಂಥ ಸುಖ ನಾನು ಕಂಡಿಲ್ಲ, ಅದೂ ಈ ಚಳಿಯೂರಿನಲ್ಲಿ.

ಬೆಂಕಿ ಇದ್ದ ಮೇಲೆ ಹೊಗೆ ಬರಲೇಬೇಕು, ಹೊಗೆ ಕಂಡ ಮೇಲೆ ಅಧ್ಯಕ್ಷರು. ಹೆಸರು ಕ್ಲಿಫರ್ಡ್. ಉಣ್ಣೆಯ ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ಅಲಾಟ್‌ಮೆಂಟಿಗೂ ಟೈ ಕಟ್ಟಿಕೊಂಡೇ ಬರುವವರು. ಗುಡಿಸಲನ್ನು ಎರಡು ಸುತ್ತು ಹಾಕಿ, “ತಪ್ಪು ತಿಳ್ಕೋಬೇಡಿ. ಇಲ್ಲಿ ಶೆಡ್ ಇರೋದು ಗುದ್ದಲಿ ಸನಿಕೆ ಇಡೋಕೆ ಮಾತ್ರ. ಇದನ್ನ ಎರಡು ವಾರದಲ್ಲಿ ಕೆಡವಿಬಿಟ್ರೆ ಎಲ್ಲರಿಗೂ ಒಳ್ಳೇದು ಅನ್ಸುತ್ತೆ” ಅಂದರು.

ಅರ್ಕಾದಿಯ ಮುಖ ಸುಣ್ಣವಾಯಿತು. ನಾನು ಜಗಳಕ್ಕೆ ಸಿದ್ಧನಾದೆ. ಅವನು ನನ್ನನ್ನು ಹಿಂದಕ್ಕೆ ಸರಿಸಿ, “ಕೆಡವತೀನಿ. ಆದ್ರ ಹೊರಗ ನಿಂತ ನೋಡಿದ್ರ ಅದು ತಪಾಸಣೆ ಅಲ್ಲ. ಒಳಗ ಬರ್ರಿ” ಅಂದ.

ನ್ಯಾಯವಾದ ಮಾತು. ಇಂಗ್ಲಿಷರಿಗೆ ನ್ಯಾಯ ಎಂದರೆ ಸಂಕಟ, ಇಲ್ಲವೆನ್ನಲಾರರು. ಅಧ್ಯಕ್ಷರು ಕೋಟು ತೆಗೆದರು, ಬೂಟು ತೆಗೆದರು, ಬಹಳ ಯೋಚಿಸಿ ಟೈ ತೆಗೆದರು. ಒಳಗಿನಿಂದ ಮೊದಲು ‘ಓ’ ಎಂಬ ಸಣ್ಣ ಸದ್ದು ಬಂತು, ಆಮೇಲೆ ಬರಲಿನ ಪೆಟ್ಟುಗಳು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಸಂಘದ ಅಧ್ಯಕ್ಷರು ಹೋಗಿಯೇಬಿಟ್ಟರೇನೋ ಎಂದು ಬಾಗಿಲಿಗೆ ಕಿವಿಯಿಟ್ಟೆ. ಅವರು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿ ಹೊರಬಂದು, ಟೈ ಜೇಬಿಗೆ ತುರುಕಿ, “ಪರವಾಗಿಲ್ಲ” ಎಂದು ಹೋದರು. ಯಾರ್ಕ್‌ಶೈರಿನವನು ಪರವಾಗಿಲ್ಲ ಎಂದರೆ ನಮ್ಮವರು ಸಾಷ್ಟಾಂಗ ಬಿದ್ದಷ್ಟು.

ಮುಂದಿನ ವಾರ ಟವೆಲ್ಲು ಹಿಡಿದು ಬಂದರು. ಅದರ ಮುಂದಿನ ವಾರ ಕಾರ್ಯದರ್ಶಿಯೂ ಜೊತೆಗಿದ್ದ. ಕೆಡವುವ ಮಾತು ಯಾರೂ ಎತ್ತಲಿಲ್ಲ. ಗೆದ್ದೆವು ಎಂದುಕೊಂಡೆ ನಾನು.

ಅಕ್ಟೋಬರಿನಲ್ಲಿ ಸಂಘದ ಸಭೆ ಸೇರಿತು. ಅಧ್ಯಕ್ಷರು ಎದ್ದು ನಿಂತು, ಸದಸ್ಯರ ಶೆಡ್‌ನಲ್ಲಿ ಬೆಂಕಿ ಹಾಕುವುದು ನಿಯಮಕ್ಕೆ ವಿರುದ್ಧ, ಸಂಘದ ಕಟ್ಟಡಕ್ಕೆ ಮಾತ್ರ ಆ ನಿಯಮವಿಲ್ಲ ಎಂದರು. “ಅದಕ್ಕೇ ಆ ಬಚ್ಚಲನ್ನ ಸಂಘವೇ ವಹಿಸ್ಕೊಳ್ಳುತ್ತೆ. ಇನ್ಮೇಲೆ ಅದು ನಮ್ಮೆಲ್ಲರದು. ಯಾರ ಸರದಿ ಯಾವಾಗ ಅಂತ ವಾರಕ್ಕೊಂದು ರೋಟಾ ಹಾಕೋಣ. ಇಂಥ ಕೊಡುಗೆಗೆ ಅರ್ಕಾದಿಯವರಿಗೆ ಒಂದು ಚಪ್ಪಾಳೆ.” ಎಲ್ಲರೂ ಕೈ ಎತ್ತಿದರು, ಎಲ್ಲರೂ ಚಪ್ಪಾಳೆ ಹೊಡೆದರು. ಸೌದೆ ತರುವ ಜವಾಬ್ದಾರಿಯನ್ನು ಬಹಳ ಗೌರವದಿಂದ ಅರ್ಕಾದಿಗೇ ಕೊಟ್ಟರು.

ಅವರೆಲ್ಲರ ಮುಖದಲ್ಲಿ ಒಳ್ಳೆಯತನ ಬಿಟ್ಟರೆ ಬೇರೇನೂ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. ಬೈಯೋಣವೆಂದರೆ ಬೈಯುವುದಕ್ಕೊಬ್ಬ ಪಾಪಿಯೂ ಕೈಗೆ ಸಿಗಲಿಲ್ಲ.

ನನ್ನನ್ನು ಬಸ್ ಹತ್ತಿಸಲು ಅರ್ಕಾದಿ ನಿಲ್ದಾಣದವರೆಗೆ ಬಂದ. ಬಸ್ಸು ಕಣ್ಣಿಗೆ ಬಿದ್ದ ಮೇಲೆ, “ನಮ್ಮಜ್ಜಂದು ಒಂದ ಕುದರಿ ಇತ್ತು” ಅಂದ. “ಇನ್ನಮ್ಯಾಲೆ ಇದು ಎಲ್ಲಾರದೂ ಅಂತ ಹೇಳಿ ಒಂದಿನ ಸರಕಾರದವರು ಬಂದೂಕ ಹಿಡಕೊಂಡ ಬಂದು ಹೊಡಕೊಂಡ ಹೋದ್ರು. ನಮ್ಮಜ್ಜ ಸಾಯೂತನಕ ಅವರನ್ನ ಬೈದಾ. ಇವರನ್ನ ನಾ ಹೆಂಗ ಬೈಲಿ, ಅಡಿವೆಪ್ಪ? ನನಗ ಚಪ್ಪಾಳಿ ಹೊಡದಾರ.”

ರೋಟಾದಲ್ಲಿ ಅವನ ಪಾಲಿಗೆ ಬಂದದ್ದು ಶನಿವಾರದ ಮಧ್ಯಾಹ್ನ, ಅರ್ಧ ತಾಸು. ಒಮ್ಮೆ ನಾನೂ ಜೊತೆಗೆ ಹೋದೆ. ಮಂಜು ಕವಿದಿತ್ತು. ಅವನ ಹೊತ್ತಾಗಿತ್ತು, ಒಳಗಿದ್ದವರು ಇನ್ನೂ ಹೊರಬಂದಿರಲಿಲ್ಲ. ಕಲ್ಲಿನ ಮೇಲೆ ನೀರು ಚುಂಯ್ ಎನ್ನುವುದೂ ಇಬ್ಬರು ಮುದುಕರು ಈರುಳ್ಳಿ ಬೆಳೆಯ ವಿಷಯ ಮಾತಾಡಿ ನಗುವುದೂ ಕೇಳುತ್ತಿತ್ತು. ಒದ್ದು ಬಾಗಿಲು ತೆಗೆ ಎಂದು ನಾನು ಹಲ್ಲು ಕಡಿದೆ. ಅರ್ಕಾದಿ ಟವೆಲ್ಲನ್ನು ಎದೆಗೆ ಅವಚಿಕೊಂಡು ಇನ್ನೂ ಸ್ವಲ್ಪ ಕಾದ. ಆಮೇಲೆ ತಾನೇ ಮೊಳೆ ಹೊಡೆದ ಬಾಗಿಲನ್ನು ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿ, “ಸಾರಿ” ಎಂದ.