ಟೋಕನ್ ಬೋರ್ಡಿನ ಕಿಂಡಿ

ಚಿಕ್ಕಮಗಳೂರಿನ ಒಂದು ಓಣಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕೆಂಪು ಅಂಕಿ ಬೆಳಗುವ ಬೋರ್ಡುಗಳನ್ನು ಮಾಡುವುದು ನನ್ನ ಕಸುಬು. ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಅಮ್ಮ ಹೇಳುತ್ತಿದ್ದಳು, ಸುಳ್ಳಲ್ಲ. ಬೋರ್ಡು ಕೆಟ್ಟಿದೆ ಎಂದು ಯಾರಾದರೂ ಫೋನ್ ಮಾಡಿದರೆ ಮೊದಲು ಅವರ ಕರೆಂಟನ್ನು ಬೈಯುತ್ತೇನೆ, ಆಮೇಲೆ ಅವರನ್ನು. ನನ್ನ ಕೈಕೆಲಸದ ಮೇಲೆ ಅನುಮಾನ ಬರುವುದು ಕಟ್ಟಕಡೆಗೆ.

ಮೂಡಿಗೆರೆಯ ಒಂದು ಕ್ಲಿನಿಕ್ಕಿನ ಡಾಕ್ಟರು ಟೋಕನ್ ಬೋರ್ಡು ಕೇಳಿದ್ದರು. ಮಳೆಗಾಲದ ಮಬ್ಬಿನಲ್ಲಿ ಅಂಕಿ ಕಣ್ಣಿಗೆ ಚುಚ್ಚಬಾರದು, ಬೇಸಿಗೆಯ ಬೆಳಕಿನಲ್ಲಿ ಕಾಣದೆಯೂ ಹೋಗಬಾರದು ಎಂಬುದು ಅವರ ಬೇಡಿಕೆ. ಅದಕ್ಕೆ ಬೋರ್ಡಿನ ಚೌಕಟ್ಟಿನಲ್ಲಿ, ಮೇಲ್ಗಡೆ ನಟ್ಟನಡುವೆ, ಹೆಸರುಕಾಳಿನಷ್ಟು ಕಿಂಡಿ ಕೊರೆದು ಹಿಂದೆ ಬೆಳಕಿನ ಸೆನ್ಸರ್ ಕೂರಿಸಿದೆ. ಸುತ್ತ ಬೆಳಕಿದ್ದರೆ ಅಂಕಿ ಜೋರಾಗುತ್ತದೆ, ಕತ್ತಲಾದರೆ ತಾನೇ ತಗ್ಗುತ್ತದೆ. ಆಯುಧಪೂಜೆಯ ಮಾರನೇ ದಿನ ಸಂಜೆ, ಸುರಿಯುವ ಮಳೆಯಲ್ಲೇ ಹೋಗಿ ಗೋಡೆಗೆ ಹಾಕಿದೆ. ಆ ಮಬ್ಬಿಗೆ ತಕ್ಕ ಹಾಗೆ ಅಂಕಿ ಮೆತ್ತಗೆ ಬೆಳಗಿತು. ನನ್ನ ಬೆನ್ನು ನಾನೇ ತಟ್ಟಿಕೊಂಡು ವಾಪಸು ಬಂದೆ.

ಏಪ್ರಿಲ್‌ನಲ್ಲಿ ಅಲ್ಲಿನ ನರ್ಸ್ ಫೋನ್ ಮಾಡಿದಳು.

“ಬೋರ್ಡು ಸರಿಯಾಗೇ ಇದೆ ಮೇಡಂ. ಆದ್ರೆ ಒಬ್ರು ಕಾಫಿ ತೋಟದ ಮೇಸ್ತ್ರಿ ಅಜ್ಜ ಬರ್ತಾರೆ, ಅವ್ರಿಗೆ ಕಿವಿ ಕೇಳಲ್ಲ. ನಂಬರ್ ಬಂದ್ರೂ ಕೂತಲ್ಲೇ ಕೂತಿರ್ತಾರೆ. ಅಂಕಿ ಒಂಚೂರು ದೊಡ್ಡದು ಮಾಡ್ಕೊಡ್ತೀರಾ?”

“ಅಂಕಿ ಏನು ರೊಟ್ಟಿ ಹಿಟ್ಟಾ, ತಟ್ಟಿ ದೊಡ್ಡದು ಮಾಡೋಕೆ?” ಎಂದೆ. ಆದರೂ ಆ ಅಜ್ಜ ಬರುವ ದಿನ ಕೇಳಿಕೊಂಡು ಹೋದೆ.

ಅವರು ಜಗಲಿಯ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಕುರ್ಚಿ ಖಾಲಿಯಿದ್ದರೂ ಹೊರಗೇ ಕೂರುವುದು ತೋಟದ ಕೆಲಸದವರ ಅಭ್ಯಾಸ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಂಜಿನ್ನಿನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಅವರ ಕಿವಿ ಹೋಗಿತ್ತು. ನನ್ನ ಫೋನಿನಲ್ಲಿ ‘ನಂಬರ್ ಕಾಣಲ್ವಾ?’ ಎಂದು ಬರೆದು ಮುಂದೆ ಹಿಡಿದೆ. ಹೊರಗಿನ ಬೆಳಕಿಗೆ ಫೋನಿನ ಪರದೆ ತಾನೇ ಪ್ರಕಾಶವಾಯಿತು.

“ಕಾಣಲ್ಲ ಅಮ್ಮ. ಆಗ್ಲೇ ಆರು ತಿಂಗ್ಳಾಯ್ತು. ಎಲ್ರೂ ಸರಿಯಾಗಿ ಎದ್ದು ಹೋಗ್ತಾರೆ, ನಂಗೊಬ್ನಿಗೇ ಕಾಣಲ್ಲ. ಕಿವಿ ಆಯ್ತು, ಇನ್ನು ಕಣ್ಣು. ಮರಗಸಿಗೆ ಬರಲ್ಲ ಅಂತ ತೋಟದ ಸಾವ್ಕಾರ್ರಿಗೆ ಹೇಳ್ಬಿಟ್ಟೆ.”

ಮಳೆಗೆ ಮುಂಚೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವುದಕ್ಕೆ ನಮ್ಮ ಕಡೆ ಮರಗಸಿ ಎನ್ನುತ್ತಾರೆ. ಆಳುಗಳು ಮರದ ಮೇಲಿರುತ್ತಾರೆ, ಯಾವ ಕೊಂಬೆ ಒಣಗಿದೆ, ಎಲ್ಲಿ ಕಾಲಿಡಬಾರದು ಎಂದು ಮೇಸ್ತ್ರಿ ಕೆಳಗಿನಿಂದ ನೋಡಿ ಹೇಳಬೇಕು. “ನನ್ ಕಣ್ಣು ತಪ್ಪಿ ಒಬ್ಬ ಬಿದ್ರೆ?” ಎಂದರು.

ಆಗಲೇ ಒಳಗಿನಿಂದ ನರ್ಸ್ “ಹನ್ನೊಂದು” ಎಂದು ಕೂಗಿದಳು. ಒಬ್ಬ ಹೆಂಗಸು ಎದ್ದು ಹೋದಳು. ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಬೋರ್ಡು ಬಂದ ಮೇಲೂ ನರ್ಸ್ ಅಭ್ಯಾಸಬಲದಿಂದ ಕೂಗುತ್ತಲೇ ಇದ್ದಳು, ಜನ ಕೇಳಿಸಿಕೊಂಡೇ ಏಳುತ್ತಿದ್ದರು. ಬೋರ್ಡನ್ನು ನಂಬಿ ಕೂತವರು ಇವರೊಬ್ಬರೇ.

ರಸ್ತೆಯಾಚೆ ನಿಂತಿದ್ದ ಬಸ್ಸಿನ ಕಡೆ ಕೈ ತೋರಿಸಿದೆ. “ಹೊರನಾಡು,” ಎಂದು ಓದಿದರು. ಅದರ ಕೆಳಗಿನ ಸಣ್ಣಕ್ಷರವನ್ನೂ ಓದಿದರು, “ಕೊಟ್ಟಿಗೆಹಾರ, ಕಳಸ.” ನಾನು ಅವರ ಪಕ್ಕ ಕೂತು ಒಳಗಿನ ಬೋರ್ಡಿನ ಕಡೆ ನೋಡಿದೆ. ಜಗಲಿಯ ಬಿಸಿಲಿನಲ್ಲಿ ಕೂತು ನೋಡಿದರೆ ಆ ಮಂಕು ಅಂಕಿ ನನಗೂ ಕಾಣಲಿಲ್ಲ.

ಕುರ್ಚಿ ಹತ್ತಿ ನೋಡಿದರೆ ಕಿಂಡಿಯ ಬಾಯಿಗೆ ಗಂಧ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು. ಇಟ್ಟವಳು ನಾನೇ. ಆಯುಧಪೂಜೆಯ ದಿನ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ವರ್ಕ್‌ಶಾಪಿನ ಒಂದೊಂದು ಸಾಮಾನಿಗೂ ಗಂಧ ಕುಂಕುಮ ಇಟ್ಟಿದ್ದೆ. ಬೋರ್ಡಿನ ಹಣೆಯ ನಡುವೆ ಅಷ್ಟು ಗುಂಡಗಿನ ಜಾಗ ಇರುವಾಗ ಬೆರಳು ಬೇರೆಲ್ಲಿಗೆ ಹೋಗುತ್ತದೆ? ಅಂದಿನಿಂದ ಆ ಬೋರ್ಡಿಗೆ ಸದಾ ಕತ್ತಲೆ. ಬೈಯೋಣವೆಂದರೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ಸೇಫ್ಟಿ ಪಿನ್ನಿನಿಂದ ಕೆರೆದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹನ್ನೆರಡು ಎಂಬ ಅಂಕಿ ಭಗ್ಗೆಂದು ಬೆಳಗಿತು.

“ಹನ್ನೆರಡು,” ಎಂದು ಜಗಲಿಯಿಂದ ಮೇಸ್ತ್ರಿಯವರ ದನಿ ಬಂತು.

ನಾಚಿಕೆಯಿಂದ ಕುಗ್ಗಿಹೋಗಿದ್ದೆ. ‘ಕಣ್ಣು ಚೆನ್ನಾಗಿದೆ. ತಪ್ಪು ನಂದು’ ಎಂದು ಬರೆದು, ನಡೆದದ್ದನ್ನೆಲ್ಲ ಬರೆದು ತೋರಿಸಿದೆ. ಅವರು ಎರಡು ಸಲ ಓದಿದರು. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಬೈಯಲಿಲ್ಲ.

“ಸಾವ್ಕಾರ್ರಿಗೆ ಒಂದು ಫೋನ್ ಹಾಕ್ಕೊಡಿ ಅಮ್ಮ,” ಎಂದು ನಂಬರು ಬಾಯಲ್ಲೇ ಹೇಳಿದರು. “ಹೇಳೋದು ನಾನ್ ಹೇಳ್ತೀನಿ, ಕೇಳೋದು ನೀವ್ ಕೇಳಿ.”

ಫೋನ್ ಹತ್ತಿತೆಂದು ನಾನು ಸನ್ನೆ ಮಾಡಿದ್ದೇ ತಡ, “ನನ್ ಕಣ್ಣು ಸರಿ ಇದೆ ಸಾವ್ಕಾರ್ರೇ, ನಾಳೆಯಿಂದ್ಲೇ ಬರ್ತೀನಿ,” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಫೋನನ್ನು ನನ್ನ ಕೈಗಿಟ್ಟರು. ನಾನು ಕಿವಿಗಿಟ್ಟುಕೊಂಡೆ. ಆ ಕಡೆಯ ದನಿಯಲ್ಲಿ ಕೋಪವೇನೂ ಇರಲಿಲ್ಲ, ಸಂಕೋಚವಿತ್ತು.

ಮೇಸ್ತ್ರಿಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಬರೆಯದೆ ವಿಧಿಯಿರಲಿಲ್ಲ. ‘ಹೊಸ ಮೇಸ್ತ್ರಿ ಮೊನ್ನೆ ಸೇರಿ ಆಯ್ತಂತೆ. ಬರುವ ವರ್ಷ ನೋಡೋಣ ಅಂದ್ರು’ ಎಂದು ಬರೆದು ಬಿಸಿಲಿಗೆ ಹಿಡಿದೆ. ಪರದೆ ತಾನೇ ಪ್ರಕಾಶವಾಯಿತು. ಅವರು ಕನ್ನಡಕವಿಲ್ಲದೆ, ಒಂದಕ್ಷರವೂ ತಪ್ಪದೆ ಓದಿದರು.