ಪುಸ್ತಕದ ಅಂಚಿನಲ್ಲಿ ಬರೆದ ತಪ್ಪು

ನಿಪ್ಪಾಣಿಯಲ್ಲಿ ನನಗೆ ವಾಯರಿಂಗ್ ಕಲಿಸಿದ ಉಸ್ತಾದರಿಗೆ ಒಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಮೊದಲು ಕನ್ನಡಕ ಏರಿಸಿ, ಕೊಲ್ಹಾಪುರದಲ್ಲಿ ಕೊಂಡ ದಪ್ಪ ಮರಾಠಿ ಪುಸ್ತಕವನ್ನು ಚೀಲದಿಂದ ತೆಗೆಯುವರು. ಯಾವ ಮೋಟಾರಿಗೆ ಎಷ್ಟು ದಪ್ಪದ ವಾಯರು, ಯಾವ ಜೋಡಣೆ, ಎಲ್ಲ ಅದರಲ್ಲಿತ್ತು. ಅಷ್ಟು ವರ್ಷ ಕೆಲಸ ಮಾಡಿದ ಮನುಷ್ಯ ಗಿರಾಕಿಯ ಎದುರಿಗೇ ಪುಟ ತಿರುವುತ್ತ ಕೂತರೆ ನನಗೆ ನಾಚಿಕೆಯಾಗುತ್ತಿತ್ತು.

ತಾವು ತಪ್ಪು ಮಾಡಿದಾಗಲೆಲ್ಲ ಆ ವಿಷಯದ ಪುಟ ಹುಡುಕಿ, ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಖು, ಊರು, ಯಂತ್ರ ಬರೆದು ಕೆಳಗೆ ‘ಮಾಝೀ ಚೂಕ’ ಎಂದು ಮರಾಠಿಯಲ್ಲಿ ಸೇರಿಸುವರು. ಬೇಡಕಿಹಾಳದ ಕಬ್ಬಿನ ಗಾಣ, ನನ್ನ ತಪ್ಪು. ಚಿಕ್ಕೋಡಿಯ ಹಿಟ್ಟಿನ ಗಿರಣಿ, ನನ್ನ ತಪ್ಪು. ಕಣ್ಣು ಮಂಜಾಗಿ ಕೆಲಸ ಬಿಟ್ಟ ದಿನ ಆ ಪುಸ್ತಕವನ್ನು ನನ್ನ ಕೈಗಿಟ್ಟರು. “ಮಂದಿ ಮುಂದ ತೆಗಿಯಾಕ ನಾಚಬ್ಯಾಡ,” ಅಂದರು. ನಾನು ತಲೆಯಾಡಿಸಿ, ಮನೆಗೆ ತಂದು, ಚೀಲದ ತಳಕ್ಕೆ ತುರುಕಿದೆ. ಮೊಬೈಲು ನೋಡಿದರೆ ಯಾರೂ ಏನೂ ಅನ್ನುವುದಿಲ್ಲ, ಪುಸ್ತಕ ತೆಗೆದರೆ ಮಾತ್ರ ಇವನಿಗೆ ಕೆಲಸ ಬರುವುದಿಲ್ಲ ಅಂತಾರೆ. ನನ್ನ ಜಾಣತನ ಅಷ್ಟೇ ಇತ್ತು.

ಆರು ವರ್ಷದ ಹಿಂದೆ ಶೇಡಬಾಳದಲ್ಲಿ ಒಬ್ಬ ಹೆಣ್ಣುಮಗಳು ಶಾವಿಗೆ ಯಂತ್ರ ಹಾಕಿದಳು. ಅದಕ್ಕೆ ಬೇಕಾದ ಮೋಟಾರನ್ನು ಹತ್ತಿರದ ಅನಂತಪುರದ ತವರಿನಲ್ಲಿದ್ದ ಅವಳ ತಮ್ಮ ಇಚಲಕರಂಜಿಯಿಂದ ಹುಡುಕಿ ತಂದಿದ್ದ. ಮಗ್ಗದಿಂದ ಬಿಚ್ಚಿದ ಹಳೇ ಸಣ್ಣ ಮೋಟಾರು, ಮೇಲಿನ ವಿವರದ ಪಟ್ಟಿಯ ಅಕ್ಷರಗಳು ಅಳಿಸಿಹೋಗಿದ್ದವು. ಒಳಗಿನ ಆರು ತಂತಿ ಜೋಡಿಸಲು ಎರಡು ಬಗೆಯಿವೆ, ಸ್ಟಾರ್ ಮತ್ತು ಡೆಲ್ಟಾ. ಸ್ಟಾರ್ ಬೇಕಾದದ್ದಕ್ಕೆ ಡೆಲ್ಟಾ ಕೊಟ್ಟರೆ ಮೋಟಾರು ಸುಡುತ್ತದೆ. ನಾನು ಅಲ್ಲಿಯವರೆಗೆ ಮಾಡಿದ್ದೆಲ್ಲ ಹೊಲದ ದೊಡ್ಡ ಮೋಟಾರುಗಳು, ಅವೆಲ್ಲ ಡೆಲ್ಟಾ. ಇದು ಸಣ್ಣದು, ಯಾವುದಿರಬಹುದು ಎಂದು ಅನುಮಾನ ಬಂದು ಚೀಲಕ್ಕೆ ಕೈ ಹಾಕಿದೆ. ಸುತ್ತ ಹಿಟ್ಟಿನ ಬುಟ್ಟಿ ಹಿಡಿದು ನಿಂತ ಹೆಂಗಸರಲ್ಲಿ ಒಬ್ಬಳು, ಇವನಿಗೆ ಗೊತ್ತೈತೋ ಇಲ್ಲೋ ಎಂದು ಪಕ್ಕದವಳ ಕಿವಿಯಲ್ಲಿ ಕೇಳಿದಳು. ನನಗೂ ಕೇಳಿಸಿತು. ಕೈ ಹಿಂದೆ ತೆಗೆದುಕೊಂಡು ಡೆಲ್ಟಾ ಜೋಡಿಸಿಬಿಟ್ಟೆ.

ಎರಡನೇ ಬುಟ್ಟಿ ಮುಗಿಯುವುದರೊಳಗೆ ಹೊಗೆ ಬಂತು. ಎಲ್ಲರೂ ನನ್ನ ಮುಖ ನೋಡಿದರು.

“ಮೋಟಾರ ಮದಲ ಸುಟ್ಟದ್ದ ಇತ್ರಿ,” ಅಂದೆ. “ನೋಡದ ತಂದಾರ.”

ಅಕ್ಕ ಪಕ್ಕದಲ್ಲೇ ನಿಂತಿದ್ದ ತಮ್ಮನ ಕಡೆ ತಿರುಗಿದಳು. ಅಷ್ಟೂ ಮಂದಿಯೆದುರು ಅವನನ್ನು ಹೇಳಬಾರದ್ದೆಲ್ಲ ಹೇಳಿ ಬೈದಳು. ಅವನು ಬಗ್ಗಿ ಹಿಟ್ಟಿನ ಬುಟ್ಟಿ ಪಕ್ಕಕ್ಕೆ ಎತ್ತಿಟ್ಟ. ನಾನು ವಾಯರು ಸುತ್ತಿಕೊಂಡು ಗಾಡಿ ಹತ್ತಿದೆ.

ಮನೆಗೆ ಬಂದು ಪುಸ್ತಕ ತೆಗೆದೆ. ಸಣ್ಣ ಮೋಟಾರು ಸಾಮಾನ್ಯವಾಗಿ ಸ್ಟಾರ್, ಪಟ್ಟಿ ಅಳಿಸಿದ್ದರೆ ಪರೀಕ್ಷಿಸದೆ ಜೋಡಿಸಬೇಡಿ ಎಂದು ಚಿತ್ರ ಸಮೇತ ಇತ್ತು. ಪಕ್ಕದಲ್ಲಿ ತಾರೀಖು ಹಾಕಿ ಬರೆದೆ: ಶೇಡಬಾಳ, ಶಾವಿಗೆ ಯಂತ್ರ, ನನ್ನ ತಪ್ಪು. ಬರೆದ ಮೇಲೆ ಮನಸ್ಸು ಹಗುರಾಯಿತು. ಹಾಗೆ ಹಗುರಾಗಲು ಬಿಟ್ಟದ್ದಕ್ಕೆ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಆ ವರ್ಷ ನಾಗರ ಪಂಚಮಿಗೆ ಕರೆಯಲು ಹೋದ ತಮ್ಮನ ಜೊತೆ ಅಕ್ಕ ತವರಿಗೆ ಬರಲಿಲ್ಲವಂತೆ. ಮರುವರ್ಷವೂ ಇಲ್ಲ, ಆಮೇಲೂ ಇಲ್ಲ. ಕಾಗವಾಡಕ್ಕೆ ಕೆಲಸಕ್ಕೆ ಹೋದಾಗಲೆಲ್ಲ, ಶೇಡಬಾಳ ಇಲ್ಲೇ ಇದೆ, ಹೋಗಿ ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ. ಇನ್ನೊಮ್ಮೆ ನೋಡೋಣ ಎಂದು ಗಾಡಿ ತಿರುಗಿಸುತ್ತಿದ್ದೆ.

ಈ ವರ್ಷ ಆ ತಮ್ಮನೇ ಫೋನು ಮಾಡಿ, ಮೇವು ಕತ್ತರಿಸುವ ಯಂತ್ರ ಕೂಡಿಸಬೇಕೆಂದು ಅನಂತಪುರಕ್ಕೆ ಕರೆಸಿದ. ನನಗೆ ಮೋಟಾರು ನೋಡಿ ಕೊಳ್ಳಲು ಬರುವುದಿಲ್ಲ, ಹಾಗಾಗಿ ಇದರದ್ದನ್ನು ಬೇರೆಯವರ ಕೈಲಿ ತರಿಸಿದ್ದೇನೆ ಅಂದ. ಅಕ್ಕ ಹೋದ ವರ್ಷ ತೀರಿಕೊಂಡಳೆಂದೂ ಹೇಳಿದ. ನಾನು ಬಾಯಿ ತೆರೆದೆ. ತೆರೆದು, ಸ್ಕ್ರೂಡ್ರೈವರ್ ಕೊಡಿ ಅಂದೆ.

ಶೇಡಬಾಳದ ನಂತರ ಪುಸ್ತಕ ತೆಗೆಯದೆ ನಾನು ತಂತಿ ಮುಟ್ಟಿಲ್ಲ. ಅಂದೂ ತೆಗೆದು ಅದೇ ಪುಟ ಬಿಚ್ಚಿಟ್ಟು ಕೆಲಸಕ್ಕೆ ಕೂತೆ. ಅವನು ಚಿತ್ರ ನೋಡಲು ಬಗ್ಗಿದ. ಅಂಚಿನ ಕನ್ನಡ ಅಕ್ಷರಗಳ ಮೇಲೆ ಅವನ ಬೆರಳು ನಿಂತಿತು. ತಾರೀಖನ್ನು ಎರಡು ಸಲ ಓದಿದ.

“ಪುಸ್ತಕಕ್ಕ ಅವತ್ತ ಹೇಳೀರಿ,” ಅಂದ. “ನಮ್ಮ ಅಕ್ಕಗ ಹೇಳಲಿಲ್ಲ.”

ಆಮೇಲೆ ಒಳಗೆ ಹೋಗಿ, ನನಗಾಗಿ ಚಹಾ ಮಾಡಲು ಮನೆಯವರಿಗೆ ಹೇಳಿದ.